ಕೆ.ಜಿ. ರೋಡಿಂದ ಮೊಬೈಲ್‌ವರೆಗೆ: ಒಂದು ಸಿನಿಮಾಗೆ ಎಷ್ಟು ದಿನ ಆಯಸ್ಸು?

 

ನನಗಾದ ಒಂದು ಅನುಭವದಿಂದ ಶುರು ಮಾಡ್ತೀನಿ. ಹೋದ ವರ್ಷ ಒಂದು ಸಣ್ಣ ಕನ್ನಡ ಸಿನಿಮಾ ಬಿಡುಗಡೆ ಆಗಿತ್ತು. ಶುಕ್ರವಾರ ಪುರುಸೊತ್ತಿರಲಿಲ್ಲ, ಸೋಮವಾರ ಸಂಜೆಗೆ ಟಿಕೆಟ್ ಬುಕ್ ಮಾಡಿದೆ. ಮನೆಯಿಂದ ಹೊರಡೋ ಹೊತ್ತಿಗೆ ಮೆಸೇಜ್ ಬಂತು: ಶೋ ಕ್ಯಾನ್ಸಲ್, ದುಡ್ಡು ವಾಪಸ್. ಹೋಗ್ಲಿ, ಒಟಿಟಿಗೆ ಬಂದಾಗ ನೋಡೋಣ ಅಂದ್ಕೊಂಡೆ. ಇವತ್ತಿಗೂ ಕಾಯ್ತಿದೀನಿ. ಅದು ಥಿಯೇಟರಲ್ಲೂ ಇಲ್ಲ, ಯಾವ ಆ್ಯಪಲ್ಲೂ ಇಲ್ಲ.

'ಥಿಯೇಟರ್ ಚೆಂದವೋ, ಒಟಿಟಿ ಚೆಂದವೋ' ಅಂತ ಫ್ರೆಂಡ್ಸ್ ಜಗಳ ಆಡುವಾಗೆಲ್ಲ ನಂಗೆ ಆ ಸಿನಿಮಾನೇ ನೆನಪಾಗುತ್ತೆ. ಒಂದು ಸಿನಿಮಾ ಜನರನ್ನ ಮುಟ್ಟೋಕೆ ಎಷ್ಟು ದಿನ ಬೇಕು? ಆ ದಿನಗಳನ್ನ ಅದಕ್ಕೆ ಯಾರು ಕೊಡ್ತಾರೆ? ಇದಕ್ಕೆ ಉತ್ತರ ಹುಡುಕೋಕೆ ಸ್ವಲ್ಪ ಹಿಂದೆ ಹೋಗ್ಬೇಕು.

1934ರ ಮಾರ್ಚ್ 3. ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ 'ಸತಿ ಸುಲೋಚನ' ತೆರೆಕಂಡಿತು. ಬಿಡುಗಡೆಯಾದ ಮೊದಲ ಕನ್ನಡ ಟಾಕಿ ಅದು. ನಿರ್ದೇಶಕರು ವೈ.ವಿ. ರಾವ್. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ. ಶೂಟಿಂಗ್ ನಡೆದಿದ್ದು ಕೊಲ್ಹಾಪುರದಲ್ಲಿ. ಇವತ್ತು ಅದನ್ನ ನೋಡೋಣ ಅಂದ್ರೆ ಒಂದು ಪ್ರಿಂಟೂ ಉಳಿದಿಲ್ಲ. ಇದನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಆಮೇಲೆ ಸಿನಿಮಾದ ಊರು ಅಂತ ಬೆಳೆದಿದ್ದು ಮೆಜೆಸ್ಟಿಕ್. ಈಗ ನಾವು ಆ ಹೆಸರು ಕೇಳಿದ್ರೆ ಬಸ್ ಸ್ಟ್ಯಾಂಡ್ ಅಂತೀವಿ. ಆದ್ರೆ ಆ ಏರಿಯಾಗೆ ಹೆಸರು ಬಂದಿದ್ದೇ ಮೆಜೆಸ್ಟಿಕ್ ಅನ್ನೋ ಟಾಕೀಸಿನಿಂದ. ಟಾಕೀಸು ಹೋಯ್ತು, ಹೆಸರು ಬಸ್ಸಿನ ಬೋರ್ಡಲ್ಲಿ ಉಳೀತು. ಅಲ್ಲೇ ಕೆ.ಜಿ. ರೋಡಿನ ಸ್ಟೇಟ್ಸ್ ಥಿಯೇಟರಲ್ಲಿ 1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ರಾಜ್‌ಕುಮಾರ್ ಹೀರೋ. ಒಂದೇ ಥಿಯೇಟರಲ್ಲಿ ಸುಮಾರು ಎರಡು ವರ್ಷ ಓಡಿತು!

ಅದು ಹೇಗೆ ಸಾಧ್ಯ ಆಯ್ತು? ಜನರ ಪ್ರೀತಿ ಇತ್ತು, ಸರಿ. ಜೊತೆಗೆ ಇನ್ನೊಂದು ಲೆಕ್ಕವೂ ಇತ್ತು. ಆಗ ಸಿನಿಮಾ ಅಂದ್ರೆ ಡಬ್ಬಿಗಳಲ್ಲಿ ತುಂಬಿದ ರೀಲು. ಒಂದೊಂದು ಪ್ರಿಂಟಿಗೂ ದುಡ್ಡು ಸುರೀಬೇಕು, ಹಾಗಾಗಿ ಇರ್ತಿದ್ದಿದ್ದೇ ಕೆಲವು ಪ್ರಿಂಟು. ಮೊದಲು ದೊಡ್ಡ ಊರು, ಆಮೇಲೆ ತಾಲ್ಲೂಕು, ಕೊನೆಗೆ ಹಳ್ಳಿಯ ಟೆಂಟ್. ನಮ್ಮಜ್ಜಿ ಸಿನಿಮಾ ನೋಡಿದ್ದೆಲ್ಲ ಹಾಗೇನೇ. ಬೆಂಗಳೂರಲ್ಲಿ ಓಡಿ ಮುಗಿದು ಎಷ್ಟೋ ತಿಂಗಳಾದ ಮೇಲೆ, ಟೆಂಟಲ್ಲಿ ನೆಲದ ಮೇಲೆ ಕೂತು. ಸಿನಿಮಾ ನಿಧಾನಕ್ಕೆ ಊರೂರು ಸುತ್ತುತ್ತಿತ್ತು. 'ಚೆನ್ನಾಗಿದೆಯಂತೆ' ಅನ್ನೋ ಮಾತು ಅದಕ್ಕಿಂತ ಮುಂಚೆ ಆ ಊರು ತಲುಪಿರ್ತಿತ್ತು.

ಹಾಗಂತ ಹಳೇದೆಲ್ಲ ಬಂಗಾರ ಅಂತ ನಾನು ಹೇಳಲ್ಲ. ಹರಿದ ಸೀಟು, ತಿಗಣೆ, ಬ್ಲ್ಯಾಕ್ ಟಿಕೆಟ್, ಹೆಂಗಸರು ಒಬ್ಬೊಬ್ರೇ ಹೋಗೋಕೆ ಹೆದರೋ ಹಾಗಿದ್ದ ಸೆಕೆಂಡ್ ಶೋ, ಎಲ್ಲಾ ಇತ್ತು.

ಆಮೇಲೆ ಮಾಲ್ ಬಂತು. 2004ರಲ್ಲಿ ಕೋರಮಂಗಲದ ಫೋರಂ ಮಾಲಲ್ಲಿ ಪಿವಿಆರ್ ಶುರುವಾದಾಗ ಅಲ್ಲಿ ಕನ್ನಡಕ್ಕೆ ಜಾಗ ಸಿಗುತ್ತಾ ಅನ್ನೋದು ದೊಡ್ಡ ಪ್ರಶ್ನೆ. 2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಂತು. ಗಣೇಶ್ ಆಗಿನ್ನೂ ದೊಡ್ಡ ಸ್ಟಾರ್ ಅಲ್ಲ. ಆದ್ರೂ ಆ ಸಿನಿಮಾ ಮಲ್ಟಿಪ್ಲೆಕ್ಸಲ್ಲೇ ಒಂದು ವರ್ಷಕ್ಕೂ ಹೆಚ್ಚು ಓಡಿತು. ಅಂದ್ರೆ ಮಲ್ಟಿಪ್ಲೆಕ್ಸ್ ಬಂತು ಅಂದ ತಕ್ಷಣ ಸಿನಿಮಾದ ಆಯಸ್ಸು ಕಮ್ಮಿ ಆಗ್ಲಿಲ್ಲ.

ಆಯಸ್ಸು ಕಮ್ಮಿ ಆಗಿದ್ದು ರೀಲು ಹೋಗಿ ಡಿಜಿಟಲ್ ಬಂದ ಮೇಲೆ. ಈಗ ಒಂದೇ ದಿನ ನೂರಾರು ಪರದೆಗೆ ಸಿನಿಮಾ ಕಳಿಸಬಹುದು. ಹಾಗೇ ಒಂದೇ ದಿನದಲ್ಲಿ ತೆಗೆಯಲೂಬಹುದು. ಶುಕ್ರವಾರ, ಶನಿವಾರ, ಭಾನುವಾರ ಎಷ್ಟು ಸೀಟು ತುಂಬಿತು ಅನ್ನೋದರ ಮೇಲೆ ಸೋಮವಾರದ ಶೋ ನಿಲ್ಲುತ್ತೆ. ಸ್ಟಾರ್ ಇಲ್ಲದ ಸಿನಿಮಾಗೆ ಬಾಯಿಮಾತಿನ ಪ್ರಚಾರ ಸಿಗೋದೇ ಸೋಮವಾರದಿಂದ. ಅಷ್ಟರಲ್ಲಿ ಪರದೆ ಕೈತಪ್ಪಿರುತ್ತೆ.

ಇಂಥಾ ಸಿನಿಮಾಗಳಿಗೆ ಒಟಿಟಿ ಎರಡನೇ ಜನ್ಮ ಕೊಡುತ್ತೆ ಅಂತ ನಾವೆಲ್ಲ ನಂಬಿದ್ವಿ. 2016ರಲ್ಲಿ ನೆಟ್‌ಫ್ಲಿಕ್ಸ್, ಪ್ರೈಮ್ ಎರಡೂ ಭಾರತಕ್ಕೆ ಬಂದ್ವು. 2020ರ ಲಾಕ್‌ಡೌನಲ್ಲಿ ಥಿಯೇಟರ್ ಬೀಗ ಹಾಕಿದ್ದಾಗ ಪುನೀತ್ ರಾಜ್‌ಕುಮಾರ್ ಅವರ ಪಿ.ಆರ್.ಕೆ. ಸಂಸ್ಥೆಯ 'ಲಾ' ಸಿನಿಮಾ ಜುಲೈನಲ್ಲಿ ನೇರವಾಗಿ ಪ್ರೈಮಲ್ಲಿ ಬಿಡುಗಡೆ ಆಯ್ತು. ಅದರ ಹಿಂದೆಯೇ 'ಫ್ರೆಂಚ್ ಬಿರಿಯಾನಿ'. ಮಸ್ಕತ್‌ನಲ್ಲಿರೋ ನಮ್ಮಕ್ಕ ಅವತ್ತು ನನ್ನ ಜೊತೆಗೇ ಹೊಸ ಕನ್ನಡ ಸಿನಿಮಾ ನೋಡಿದಳು. ಅದು ಸಣ್ಣ ಮಾತಲ್ಲ.

ಆದ್ರೆ ಆ ಬಾಗಿಲಿಗೂ ಕಾವಲುಗಾರ ಇದ್ದಾನೆ. ರಕ್ಷಿತ್ ಶೆಟ್ಟಿ ತಂಡದ 'ಏಕಂ' ವೆಬ್ ಸೀರೀಸನ್ನ ಯಾವ ಪ್ಲಾಟ್‌ಫಾರ್ಮೂ ತಗೊಳ್ಳಲಿಲ್ಲ. 2024ರಲ್ಲಿ ಅವರು ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯ್ತು. ಹೆಸರಿರೋರಿಗೇ ಹೀಗಾದ್ರೆ ಹೊಸಬರ ಗತಿ ಏನು?

ಇನ್ನೊಂದು ವಿಷಯ. ಒಟಿಟಿಗೆ ಬಂದಿದ್ದು ಹಾಗೇ ಇರುತ್ತೆ ಅಂತಾನೂ ಇಲ್ಲ. 'ಕಾಂತಾರ' 2022ರ ಸೆಪ್ಟೆಂಬರ್ 30ಕ್ಕೆ ಥಿಯೇಟರಿಗೆ ಬಂತು, ನವೆಂಬರ್ 24ಕ್ಕೆ ಪ್ರೈಮಿಗೆ. ಥಿಯೇಟರಲ್ಲಿ ನಾವು ಮೈ ಜುಮ್ಮಂತ ಕೇಳಿದ್ದ 'ವರಾಹ ರೂಪಂ' ಅಲ್ಲಿ ಬೇರೆ ಥರ ಇತ್ತು. ಕೃತಿಸ್ವಾಮ್ಯದ ಕೇಸು ಕೋರ್ಟಲ್ಲಿದ್ದಿದ್ದರಿಂದ ಹಾಡು ಬದಲಾಗಿತ್ತು, ಆಮೇಲೆ ಮೊದಲಿನದ್ದೇ ವಾಪಸ್ ಬಂತು. ನಿಮ್ಮ ಮೊಬೈಲಲ್ಲಿರೋ ಸಿನಿಮಾ ನಿಮ್ಮದಲ್ಲ ಅನ್ನೋದು ನಂಗೆ ಅವತ್ತು ಅರ್ಥ ಆಯ್ತು.

ಈಗ 'ಸತಿ ಸುಲೋಚನ'ಕ್ಕೆ ವಾಪಸ್ ಬರೋಣ. 1934ರಲ್ಲಿ ರೀಲನ್ನ ಕಾಪಾಡಿ ಇಡಬೇಕು ಅನ್ನೋ ವ್ಯವಸ್ಥೆ ಇರಲಿಲ್ಲ, ಕಳ್ಕೊಂಡ್ವಿ. ಇವತ್ತು ಎಲ್ಲವೂ ಕ್ಯಾಮೆರಾದಿಂದಲೇ ಡಿಜಿಟಲ್. ಆದ್ರೂ ನಾನು ಕಾಯ್ತಿರೋ ಆ ಸಣ್ಣ ಸಿನಿಮಾ ಯಾರದ್ದೋ ಹಾರ್ಡ್ ಡಿಸ್ಕಲ್ಲಿ ಕೂತಿದೆ. ನೋಡೋರಿಗೆ ಸಿಗಲ್ಲ ಅಂದ್ಮೇಲೆ ಎರಡೂ ಒಂದೇ ತಾನೇ?

ಥಿಯೇಟರ್ ಬೇಕು, ಒಟಿಟಿನೂ ಬೇಕು. ಅದಕ್ಕಿಂತ ಮುಂಚೆ ಒಂದು ಸಣ್ಣ ಸಿನಿಮಾಗೆ ಎರಡು ವಾರ ಪರದೆ ಬೇಕು. ಅದನ್ನ ನಾನೊಬ್ಬನೇ ಕೊಡಿಸೋಕಾಗಲ್ಲ. ಆದ್ರೆ ಈಗ ಒಂದು ಅಭ್ಯಾಸ ಮಾಡ್ಕೊಂಡಿದೀನಿ: ನೋಡ್ಬೇಕು ಅನ್ಸಿದ ಸಿನಿಮಾನ ಸೋಮವಾರಕ್ಕೆ ಬಿಡಲ್ಲ. ಶನಿವಾರ ಬೆಳಗ್ಗೆ ಶೋಗೇ ಹೋಗ್ತೀನಿ, ಇಬ್ಬರನ್ನ ಎಳ್ಕೊಂಡು.

ನಿಮಗೂ ಹೀಗೆ ಕೈತಪ್ಪಿದ ಸಿನಿಮಾ ಇದ್ರೆ ಅದರ ಹೆಸರು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಸಿಗೋಣ.