ಭೂಪಟಗಳಲ್ಲಿ ಲೋಕಚರಿತ್ರೆ

ದೇಶಕಾಲಗಳೆರಡನ್ನೂ ಬಿಟ್ಟು ಯಾವ ಘಟನೆಯೂ ನಡೆಯದೆಂಬುದು ಸರ್ವವಿದಿತವಾದರೂ, ಚರಿತ್ರಕಾರರು ಬಹುಕಾಲ ರಾಜವಂಶಗಳ ಕಾಲನಿರ್ಣಯದಲ್ಲಿಯೇ ಮಗ್ನರಾಗಿದ್ದುದರಿಂದ, ಗತಕಾಲವನ್ನು ನೆಲದ ಮೇಲೆ ಗುರುತಿಸಿ ತೋರಿಸುವ ಚಾರಿತ್ರಿಕ ಭೂಪಟವು ಒಂದು ಪ್ರತ್ಯೇಕ ಶಾಸ್ತ್ರಾಂಗವಾಗಿ ಬೆಳೆದದ್ದು ಕಳೆದ ನಾಲ್ಕೂವರೆ ಶತಮಾನಗಳಲ್ಲಿ ಮಾತ್ರ.

ಅದಕ್ಕೆ ಮುಂಚೆ ಪುರಾಣ, ಚರಿತ್ರೆ, ಭೂಗೋಳಗಳು ಒಂದೇ ಹಾಳೆಯಲ್ಲಿ ಬೆರೆತಿದ್ದವು. ಇಂಗ್ಲೆಂಡಿನ ಹೆರೆಫರ್ಡ್ ದೇವಾಲಯದಲ್ಲಿರುವ, ಸುಮಾರು 1300ರಲ್ಲಿ ಕರುವಿನ ಚರ್ಮದ ಮೇಲೆ ರಚಿತವಾದ ಜಗತ್ಪಟದಲ್ಲಿ ಪೂರ್ವದಿಕ್ಕು ಮೇಲಿದ್ದು, ಜೆರುಸಲೇಮು ನಟ್ಟನಡುವೆ ನೆಲಸಿದೆ. ಏದೆನ್ ತೋಟ, ನೋಹನ ನಾವೆ, ಬಾಬೆಲಿನ ಗೋಪುರಗಳು ಅಂದಿನ ಪಟ್ಟಣಗಳೊಡನೆ ಸರಿಸಮನಾಗಿ ನಿಂತಿವೆ. ಗತವನ್ನು ವರ್ತಮಾನದಿಂದ ಬೇರ್ಪಡಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಆಂಟ್ವರ್ಪ್ ನಗರದ ಅಬ್ರಹಾಂ ಓರ್ಟೆಲಿಯಸನದು. 1570ರಲ್ಲಿ ತನ್ನ ಸುಪ್ರಸಿದ್ಧ ಭೂಪಟಸಂಪುಟವನ್ನು ಪ್ರಕಟಿಸಿದ ಆತನು, 1579ರಿಂದ ಮುಂದಕ್ಕೆ ಸಂತ ಪೌಲನ ಸಂಚಾರ, ಅಲೆಕ್ಸಾಂಡರನ ದಂಡಯಾತ್ರೆ ಮುಂತಾದವುಗಳ ಪಟಗಳನ್ನು ಅನುಬಂಧವಾಗಿ ಸೇರಿಸುತ್ತ ಹೋದನು.

ಹತ್ತೊಂಬತ್ತನೆಯ ಶತಮಾನವು ಈ ಶಾಸ್ತ್ರದ ತಾರುಣ್ಯಕಾಲ. 1830ರಲ್ಲಿ ಪ್ರಕಟವಾದ ಎಡ್ವರ್ಡ್ ಕ್ವಿನ್ನನ ಸಂಪುಟದಲ್ಲಿ ಇಪ್ಪತ್ತೊಂದು ಪಟಗಳಿವೆ. ಜಲಪ್ರಳಯದ ಪಟದಲ್ಲಿ ಕಾರ್ಮೋಡವು ಭೂಮಿಯನ್ನೆಲ್ಲ ಮುಸುಕಿ, ಬೆಳಕು ಒಂದೇ ಒಂದು ಮೂಲೆಯಲ್ಲಿ ಮಾತ್ರ ಬಿದ್ದಿದೆ. ಪುಟದಿಂದ ಪುಟಕ್ಕೆ ಮೋಡ ಸರಿದಂತೆ ಲೋಕ ಹಿಗ್ಗುತ್ತದೆ. ಕಲ್ಪನೆ ಮನೋಹರವೇ ಸರಿ. ಆದರೆ ಅಜ್ಟೆಕರೂ ಇಂಕಾಗಳೂ ನಗರಗಳನ್ನು ಕಟ್ಟಿಕೊಂಡು ಆಳುತ್ತಿದ್ದ ಅಮೆರಿಕ ಖಂಡವು ಕೊಲಂಬಸನು ಬಂದು ಮುಟ್ಟುವವರೆಗೆ ಆ ಕತ್ತಲೆಯಲ್ಲಿಯೇ ಮುಳುಗಿರುವುದನ್ನು ಕಂಡಾಗ, ಬೆಳಕೆಂದರೆ ಯಾರ ಅರಿವು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಅದೇ ಶತಮಾನದಲ್ಲಿ ಜರ್ಮನಿಯ ಸ್ಪ್ರೂನರ್, ಪುಟ್ಸ್‌ಗರ್ ಮೊದಲಾದವರ ಸಂಪುಟಗಳು ರಾಜ್ಯಗಳಿಗೆ ಬಣ್ಣ ತುಂಬಿ ಗಡಿಗಳನ್ನು ಬಿಗಿಮಾಡಿದುವು. ಪುಟ್ಸ್‌ಗರನ 1877ರ ಗ್ರಂಥವಂತೂ ಶಾಲೆಗಳ ಪಠ್ಯವಾಯಿತು. ಗಡಿಗಿಂತ ಚಲನೆಯೇ ಚರಿತ್ರೆಯ ಜೀವವೆಂದು ತೋರಿಸಿದವನು ಫ್ರಾನ್ಸಿನ ಎಂಜಿನಿಯರು ಶಾರ್ಲ್ ಮಿನಾರ್. ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯನ್ನು ಕುರಿತ ಆತನ 1869ರ ಪಟದಲ್ಲಿ, 4,22,000 ಯೋಧರನ್ನು ಸೂಚಿಸುವ ವಿಶಾಲವಾದ ಪಟ್ಟಿಯೊಂದು ಮಾಸ್ಕೋವಿನತ್ತ ಸಾಗುತ್ತ ಕಿರಿದಾಗಿ, ಹಿಂದಿರುಗುವಾಗ ಕಪ್ಪು ಗೆರೆಯಾಗಿ ಸವೆದು, ಕೊನೆಗೆ 10,000 ಮಂದಿಯಷ್ಟು ತೆಳುವಾಗುತ್ತದೆ. ಅದರ ಕೆಳಗೆ ಹಿಂದಿರುಗುವ ಹಾದಿಯ ಉಷ್ಣಾಂಶವನ್ನು ತೋರಿಸುವ ರೇಖೆಯಿದೆ.

ನಮ್ಮ ನಾಡಿನಲ್ಲಿಯೂ ಭೂಮಾಪನವೂ ಚರಿತ್ರೆಯೂ ಜೊತೆಯಾಗಿ ನಡೆದುದುಂಟು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸೀಮೆಯನ್ನು ಅಳೆಯಿಸಿದ ಕರ್ನಲ್ ಮೆಕೆಂಜಿಯು ಅದರೊಂದಿಗೆ ಶಾಸನಗಳನ್ನೂ ಊರೂರಿನ ವೃತ್ತಾಂತಗಳಾದ ಕೈಫಿಯತ್ತುಗಳನ್ನೂ ಸಂಗ್ರಹಿಸಿದನು. ಉಪಖಂಡದ ಚರಿತ್ರೆಯನ್ನು ಸಮಗ್ರವಾಗಿ ಪಟಗಳಲ್ಲಿ ನಿರೂಪಿಸಿದ ಜೋಸೆಫ್ ಶ್ವಾರ್ಟ್ಸ್‌ಬರ್ಗನ ಬೃಹತ್ಸಂಪುಟವು ಷಿಕಾಗೋ ವಿಶ್ವವಿದ್ಯಾನಿಲಯದಿಂದ ಹೊರಬಂದದ್ದು 1978ರಲ್ಲಿ. ಯುರೋಪನ್ನೇ ಕೇಂದ್ರವಾಗಿಸುವ ರೂಢಿಯನ್ನು ಬಿಡಲೆತ್ನಿಸಿದ ಬ್ಯಾರಕ್ಲಫ್‌ ಸಂಪಾದಿತ, ಲೋಕಚರಿತ್ರೆಯ ಟೈಮ್ಸ್ ಭೂಪಟಸಂಪುಟವೂ ಅದೇ ವರ್ಷದ್ದು. ಈಚೆಗೆ ಗಣಕಯಂತ್ರವು ಕಾಲಕಾಲದ ಪಟಗಳನ್ನು ಒಂದರ ಮೇಲೊಂದು ಹೊದಿಸಿ ನೋಡುವ ಸೌಕರ್ಯವನ್ನು ಒದಗಿಸಿದೆ.

ಸಾಧನಗಳು ಎಷ್ಟೇ ಬದಲಾದರೂ ಒಂದು ತೊಡಕು ಉಳಿದೇ ಇದೆ. ಸಾಮಂತರು ಇಂದು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ ಕಪ್ಪಕಾಣಿಕೆ ಸಲ್ಲಿಸುತ್ತಿದ್ದ, ಕಾಡುಮೇಡುಗಳು ಯಾರ ಅಂಕೆಗೂ ಸಿಕ್ಕದಿದ್ದ ಪ್ರಾಚೀನ ರಾಜ್ಯಕ್ಕೆ ಒಂದೇ ಬಣ್ಣ ಬಳಿದು ಸುತ್ತ ಗೆರೆ ಎಳೆದೊಡನೆ, ಅಂದು ಇಲ್ಲದಿದ್ದ ಸ್ಪಷ್ಟತೆಯೊಂದು ಅದಕ್ಕೆ ಬಂದುಬಿಡುತ್ತದೆ. ಆದುದರಿಂದ ಚಾರಿತ್ರಿಕ ಭೂಪಟವನ್ನು ಕೈಗೆತ್ತಿಕೊಂಡ ವಾಚಕರು, ಅದರಲ್ಲಿ ಚಿತ್ರಿತವಾದ ವರ್ಷವನ್ನು ನೋಡುವಷ್ಟೇ ಎಚ್ಚರಿಕೆಯಿಂದ, ಅದನ್ನು ಯಾರು, ಯಾವ ವರ್ಷದಲ್ಲಿ, ಯಾವ ಉದ್ದೇಶದಿಂದ ಬರೆದರೆಂಬುದನ್ನೂ ವಿಚಾರಿಸಿಕೊಳ್ಳುವುದು ಒಳಿತು.