ಸೋಮವಾರದ ವಿಮರ್ಶಕ

1849ರ ಅಕ್ಟೋಬರ್ 1, ಸೋಮವಾರ. ಪ್ಯಾರಿಸ್ಸಿನ ಒಂದು ದಿನಪತ್ರಿಕೆಯಲ್ಲಿ ಸಾಹಿತ್ಯಕ್ಕೆ ಮೀಸಲಾದ ಅಂಕಣವೊಂದು ಆರಂಭವಾಯಿತು. ಹೆಸರು ‘ಸೋಮವಾರದ ಮಾತುಕತೆ’. ಪತ್ರಿಕೆಗಳು ಬದಲಾದವು, ನಡುವೆ ಬಿಡುವುಗಳೂ ಬಂದವು. ಆದರೂ ಅಂಕಣ ಸುಮಾರು ಇಪ್ಪತ್ತು ವರ್ಷ ಉಳಿಯಿತು. ಪುಸ್ತಕರೂಪ ತಾಳಿದಾಗ ಮೊದಲ ಸರಣಿಯೇ 15 ಸಂಪುಟ, ಎರಡನೆಯದು 13. ಇಷ್ಟನ್ನೂ ಬರೆದವನು ಶಾರ್ಲ್ ಒಗುಸ್ತ್ಯಾಂ ಸೇಂತ್ ಬವ್. ವಿಮರ್ಶೆಯನ್ನು ಪಂಡಿತರ ಮನೆಯಿಂದ ಸಾಮಾನ್ಯ ಓದುಗನ ಮೇಜಿಗೆ ತಂದವರಲ್ಲಿ ಈತ ಪ್ರಮುಖ.

ಸೇಂತ್ ಬವ್ ಹುಟ್ಟಿದ್ದು 1804ರಲ್ಲಿ, ಫ್ರಾನ್ಸಿನ ಬುಲೋನ್ ಎಂಬ ಕಡಲತೀರದ ಊರಿನಲ್ಲಿ. ಮಗ ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದ. ಪ್ಯಾರಿಸ್ಸಿನಲ್ಲಿ ಕೆಲಕಾಲ ವೈದ್ಯಶಾಸ್ತ್ರ ಓದಿದ ತರುಣ ಅದನ್ನು ಬಿಟ್ಟು ಪತ್ರಿಕಾ ಬರಹಕ್ಕೆ ಇಳಿದ. 1827ರಲ್ಲಿ ವಿಕ್ಟರ್ ಹ್ಯೂಗೊನ ಕವಿತೆಗಳ ಬಗ್ಗೆ ಬರೆದ ಲೇಖನ ಇಬ್ಬರನ್ನೂ ಆಪ್ತರನ್ನಾಗಿಸಿತು. ಆದರೆ ಹ್ಯೂಗೊನ ಪತ್ನಿ ಅದೆಲ್‌ಳೊಂದಿಗೆ ಬೆಳೆದ ಪ್ರೇಮ ಆ ಸ್ನೇಹವನ್ನು ಮುರಿಯಿತು. ವಿಧಿಯ ಆಟ ನೋಡಿ: 1845ರಲ್ಲಿ ಸೇಂತ್ ಬವ್ ಫ್ರೆಂಚ್ ಅಕಾಡೆಮಿಯನ್ನು ಪ್ರವೇಶಿಸಿದಾಗ ಸ್ವಾಗತ ಭಾಷಣ ಮಾಡುವ ಸರದಿ ಹ್ಯೂಗೊನದಾಗಿತ್ತು!

ಕವಿತೆ, ಕಾದಂಬರಿಗಳಲ್ಲೂ ಕೈಯಾಡಿಸಿದ ಈತನಿಗೆ ಹೆಸರು ತಂದದ್ದು ವಿಮರ್ಶೆಯೇ. ಹದಿನೇಳನೆಯ ಶತಮಾನದ ಒಂದು ಕ್ರೈಸ್ತ ಸಂನ್ಯಾಸಿನಿಯರ ಮಠ ಮತ್ತು ಅದರ ಸುತ್ತ ಬೆಳೆದ ಚಿಂತನೆಯ ಚರಿತ್ರೆಯಾದ ‘ಪೋರ್ ರಾಯಲ್’ 1840ರಿಂದ 1859ರವರೆಗೆ ಪ್ರಕಟವಾಯಿತು. ಪಾಸ್ಕಲ್, ರಾಸೀನರಂಥವರು ಅದರಲ್ಲಿ ಜೀವಂತ ಮನುಷ್ಯರಾಗಿ ಓಡಾಡುತ್ತಾರೆ.

ಈತನ ವಿಧಾನ ಸರಳವಾದದ್ದು. ಮರವನ್ನು ತಿಳಿದರೆ ಹಣ್ಣು ತಿಳಿಯುತ್ತದೆ. ಲೇಖಕನ ಹೆತ್ತವರು ಯಾರು, ಒಡನಾಡಿಗಳು ಯಾರು, ಹಣ, ಹೆಣ್ಣು, ಧರ್ಮಗಳ ವಿಷಯದಲ್ಲಿ ಆತ ಹೇಗಿದ್ದ? ಇವೆಲ್ಲ ತಿಳಿಯದೆ ಕೃತಿಯನ್ನು ಅಳೆಯಲಾಗದು ಎಂದು ಆತ ನಂಬಿದ್ದ. 1857ರಲ್ಲಿ ‘ಮದಾಂ ಬೋವರಿ’ ಬಂದಾಗ ಈ ವಿಧಾನ ಚೆನ್ನಾಗಿಯೇ ಫಲಿಸಿತು. ಫ್ಲಾಬೇರ್ ವೈದ್ಯರ ಮನೆತನದವನೆಂಬುದನ್ನು ನೆನಪಿಸಿ, ಆತನ ಲೇಖನಿಯಲ್ಲಿ ಶಸ್ತ್ರವೈದ್ಯನ ಚಾಕುವನ್ನು ಸೇಂತ್ ಬವ್ ಗುರುತಿಸಿದ.

ಆದರೆ ಅದೇ ವಿಧಾನ ಬೇರೆಡೆ ಆತನ ಕಣ್ಣು ಕಟ್ಟಿತು. ಸ್ತಾಂಧಾಲ್‌ನನ್ನು ಬಲ್ಲವರ ನೆನಪುಗಳನ್ನು ಮುಂದಿಟ್ಟುಕೊಂಡು, ಆತನ ಕಾದಂಬರಿಗಳನ್ನು ಹಗುರವಾಗಿ ಕಂಡ. ಪಿ. ಲಂಕೇಶರು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದ ಬೋದಿಲೇರ್‌ನ ಸಂಕಲನ 1857ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಕವಿಗೆ ದಂಡ ಬಿತ್ತು, ಆರು ಕವಿತೆಗಳಿಗೆ ನಿಷೇಧ. ತನ್ನನ್ನು ಗುರುವಿನಂತೆ ಗೌರವಿಸುತ್ತಿದ್ದ ಈ ಕವಿಯ ಪುಸ್ತಕದ ಬಗ್ಗೆ ಸೇಂತ್ ಬವ್ ಒಂದು ಪೂರ್ಣ ಲೇಖನವನ್ನೂ ಬರೆಯಲಿಲ್ಲ. 1862ರಲ್ಲಿ ಅಕಾಡೆಮಿಯ ಅಭ್ಯರ್ಥಿಗಳ ಬಗ್ಗೆ ಬರೆಯುವಾಗ ಕೆಲವು ಸಾಲು ಮೀಸಲಿಟ್ಟು, ಭೇಟಿಯಾದರೆ ಆತ ವಿನಯವಂತ, ಒಳ್ಳೆಯ ಹುಡುಗ ಎಂದು ಓದುಗರಿಗೆ ಭರವಸೆ ಕೊಟ್ಟ. ಆ ಶತಮಾನದ ಮಹಾಕವಿಗೆ ಸಿಕ್ಕಿದ್ದು ನಡತೆಯ ಪ್ರಮಾಣಪತ್ರ!

ಇದಕ್ಕೆ ಉತ್ತರ ಬಂದದ್ದು ಮಾರ್ಸೆಲ್ ಪ್ರೂಸ್ತ್‌ನಿಂದ. ಊಟದ ಮೇಜಿನಲ್ಲಿ, ಗೆಳೆಯರ ನಡುವೆ ಕಾಣಿಸುವ ಮನುಷ್ಯ ಬೇರೆ, ಏಕಾಂತದಲ್ಲಿ ಬರೆಯುವವನು ಬೇರೆ. ಆ ಎರಡನೆಯವನು ಸಿಗುವುದು ಕೃತಿಯಲ್ಲಿ ಮಾತ್ರ ಎಂಬುದು ಆತನ ವಾದ. 1908ರ ಹೊತ್ತಿಗೆ ಬರೆಯತೊಡಗಿದ ಆ ಬರಹಗಳು ‘ಸೇಂತ್ ಬವ್ ವಿರುದ್ಧ’ ಎಂಬ ಪುಸ್ತಕವಾಗಿ ಹೊರಬಂದದ್ದು 1954ರಲ್ಲಿ, ಪ್ರೂಸ್ತ್ ತೀರಿಕೊಂಡು ಮೂರು ದಶಕ ಕಳೆದ ಮೇಲೆ.

ಸೇಂತ್ ಬವ್‌ನ ಬದುಕನ್ನು ಅವನದೇ ತಕ್ಕಡಿಯಲ್ಲಿ ತೂಗಿದರೂ ಲೆಕ್ಕ ಸುಲಭವಾಗಿ ಕೂಡುವುದಿಲ್ಲ. ಮೂರನೆಯ ನೆಪೋಲಿಯನ್ನನ ಪಕ್ಷ ವಹಿಸಿದನೆಂದು 1855ರಲ್ಲಿ ವಿದ್ಯಾರ್ಥಿಗಳು ಗದ್ದಲವೆಬ್ಬಿಸಿ ಈತನ ಉಪನ್ಯಾಸವನ್ನೇ ನಿಲ್ಲಿಸಿದ್ದರು. ಅದೇ ಚಕ್ರವರ್ತಿಯಿಂದ 1865ರಲ್ಲಿ ಸೆನೆಟ್ ಸದಸ್ಯನಾದವನು, ಅಲ್ಲಿ ನಿಂತು ವಿಚಾರ ಸ್ವಾತಂತ್ರ್ಯದ ಪರ ಮಾತನಾಡಿದ. 1869ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ, ಅವನ ಇಚ್ಛೆಯಂತೆ ಧಾರ್ಮಿಕ ವಿಧಿಗಳಿಲ್ಲದೆ ನಡೆದ ಅಂತ್ಯಕ್ರಿಯೆಗೆ ಜನ ಕಿಕ್ಕಿರಿದು ಸೇರಿದರು.

ಸತ್ತವರ ಬಗ್ಗೆ ಬರೆಯುವಾಗ ಆತ ಸೂಕ್ಷ್ಮ. ಕಣ್ಣೆದುರು ಓಡಾಡುತ್ತಿದ್ದವರ ವಿಷಯದಲ್ಲಿ ಎಡವಿದ್ದೇ ಹೆಚ್ಚು. ಲೇಖಕರನ್ನು ಹತ್ತಿರದಿಂದ ಬಲ್ಲೆವೆಂಬ ಹೆಮ್ಮೆ ಇರುವ ಎಲ್ಲರಿಗೂ ಇದೊಂದು ಎಚ್ಚರಿಕೆ.