ನಿಕೋಡೆಮಸ್: ರೈಲು ತಪ್ಪಿದರೂ ಉಳಿದ ಊರು

ಅಮೆರಿಕದ ಕ್ಯಾನ್ಸಸ್ ರಾಜ್ಯದ ವಾಯವ್ಯ ಭಾಗದಲ್ಲಿ, ಗ್ರಹಾಂ ಕೌಂಟಿಯ ಬಯಲಿನಲ್ಲಿ ನಿಕೋಡೆಮಸ್ ಎಂಬ ಪುಟ್ಟ ಜನವಸತಿಯಿದೆ. ಇದಕ್ಕೆ ತನ್ನದೇ ಆದ ಪುರಸಭೆಯಿಲ್ಲ, ಮೇಯರ್ ಇಲ್ಲ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಕೇವಲ 14. ಆದರೂ ಅಮೆರಿಕದ ಇತಿಹಾಸದಲ್ಲಿ ಈ ಊರಿಗೆ ವಿಶಿಷ್ಟ ಸ್ಥಾನವಿದೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರು ಪಶ್ಚಿಮದ ಬಯಲಿನಲ್ಲಿ ಕಟ್ಟಿದ ಊರುಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಅತ್ಯಂತ ಹಳೆಯ ಊರು ಇದು.

ಸ್ಥಾಪನೆ

1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದರೂ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಬದುಕು ಹಸನಾಗಲಿಲ್ಲ. 1877ರಲ್ಲಿ ಅವರಿಗಿದ್ದ ಒಕ್ಕೂಟ ಸೈನ್ಯದ ರಕ್ಷಣೆಯೂ ಇಲ್ಲವಾಯಿತು. ಸರ್ಕಾರಿ ಭೂಮಿಯಲ್ಲಿ ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆಯವರೆಗೆ ನೀಡುವ 1862ರ ಹೋಮ್‌ಸ್ಟೆಡ್ ಕಾಯ್ದೆ ಭೂಹೀನರ ಆಸೆಯನ್ನು ಚಿಗುರಿಸಿತ್ತು. ಬಿಳಿಯ ಭೂವ್ಯವಹಾರಸ್ಥ ಡಬ್ಲ್ಯು.ಆರ್. ಹಿಲ್, ಕಪ್ಪು ಧರ್ಮಬೋಧಕ ಡಬ್ಲ್ಯು.ಎಚ್. ಸ್ಮಿತ್ ಮೊದಲಾದವರು 1877ರಲ್ಲಿ ಊರು ಕಟ್ಟುವ ಕಂಪನಿ ಸ್ಥಾಪಿಸಿ ಕರಪತ್ರಗಳನ್ನು ಹಂಚಿದರು.

ಅದೇ ಸೆಪ್ಟೆಂಬರ್‌ನಲ್ಲಿ ಕೆಂಟಕಿಯಿಂದ 300ಕ್ಕೂ ಹೆಚ್ಚು ಮಂದಿ ರೈಲಿನಲ್ಲಿ ಎಲ್ಲಿಸ್ ನಿಲ್ದಾಣಕ್ಕೆ ಬಂದಿಳಿದು, ಅಲ್ಲಿಂದ ಕಾಲ್ನಡಿಗೆಯಲ್ಲಿ ನಿಕೋಡೆಮಸ್ ತಲುಪಿದರು. ಅಲ್ಲಿ ಮನೆಗಳಿರಲಿಲ್ಲ, ಮನೆ ಕಟ್ಟಲು ಮರಗಳೂ ಇರಲಿಲ್ಲ. ಮೊದಲೇ ಬಂದಿದ್ದ ಕೆಲವರು ನೆಲ ಅಗೆದು ಮಾಡಿಕೊಂಡ ಗುಹೆಯಂತಹ ಬಿಲಮನೆಗಳಲ್ಲಿ ವಾಸವಾಗಿದ್ದರು. ನಿರಾಶರಾದ ಹಲವು ಕುಟುಂಬಗಳು ಹಿಂದಿರುಗಿದವು. ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಬುಡಕಟ್ಟಿನವರು ಹಂಚಿಕೊಂಡ ಆಹಾರ, ಮೊದಲ ಚಳಿಗಾಲದಲ್ಲಿ ಉಳಿದವರ ಜೀವ ಕಾಯಿತು.

ಏಳಿಗೆ ಮತ್ತು ಪೆಟ್ಟು

ಮುಂದಿನ ಹತ್ತು ವರ್ಷಗಳಲ್ಲಿ ಊರು ಬೆಳೆಯಿತು. ಶಾಲೆ, ಚರ್ಚ್, ಹೋಟೆಲ್, ಅಂಗಡಿ, ಬ್ಯಾಂಕ್ ತಲೆಯೆತ್ತಿದವು. ಎರಡು ಪತ್ರಿಕೆಗಳೂ ಪ್ರಕಟವಾದವು. ಇಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾಯಿತರಾದರು. ರಾಜ್ಯಮಟ್ಟದ ಹುದ್ದೆಗೆ ಅಲ್ಲಿ ಆಯ್ಕೆಯಾದ ಮೊದಲ ಕಪ್ಪು ವ್ಯಕ್ತಿ ಅವರು.

ಊರಿನ ಭವಿಷ್ಯ ರೈಲನ್ನು ಅವಲಂಬಿಸಿತ್ತು. 1887ರಲ್ಲಿ ರೈಲುಮಾರ್ಗಕ್ಕಾಗಿ 16,000 ಡಾಲರ್ ಬಾಂಡ್ ನೀಡಲು ಇಲ್ಲಿನ ಮತದಾರರು ಒಪ್ಪಿದರೂ ಯೋಜನೆ ಕೈಗೂಡಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿ ಸಾಲೊಮನ್ ನದಿಯ ಆಚೆ ದಡದಲ್ಲಿ ಹಾದುಹೋಯಿತು. ವ್ಯಾಪಾರಿಗಳು ಆ ದಡದಲ್ಲಿ ತಲೆಯೆತ್ತಿದ ಬೋಗ್ ಎಂಬ ಊರಿಗೆ ತೆರಳಿದರು. ಅಂಗಡಿಗಳು ಹೋದರೂ ಜಮೀನಿದ್ದ ರೈತರು ಕದಲಲಿಲ್ಲ.

1930ರ ದಶಕದ ಬರ ಮತ್ತು ಧೂಳುಗಾಳಿ ಎರಡನೆಯ ಪೆಟ್ಟು ನೀಡಿದವು. 1935ರ ವೇಳೆಗೆ ಊರಿನಲ್ಲಿ 76 ಮಂದಿ ಮಾತ್ರ ಉಳಿದಿದ್ದರು. 1953ರಲ್ಲಿ ಅಂಚೆ ಕಚೇರಿ, 1960ರಲ್ಲಿ ಶಾಲೆ ಮುಚ್ಚಿದವು.

ಊರಹಬ್ಬ

ವೆಸ್ಟ್ ಇಂಡೀಸ್‌ನಲ್ಲಿ 1834ರ ಆಗಸ್ಟ್ 1ರಂದು ಜಾರಿಗೆ ಬಂದ ಗುಲಾಮ ವಿಮೋಚನೆಯ ನೆನಪಿನಲ್ಲಿ 1878ರಿಂದ ಇಲ್ಲಿ ಉತ್ಸವ ನಡೆದುಬಂದಿದೆ. ಜುಲೈ ಕೊನೆಯಲ್ಲಿ ನಡೆಯುವ ಈ ಹಬ್ಬಕ್ಕೆ, ವಲಸೆ ಹೋದ ಕುಟುಂಬಗಳ ವಂಶಸ್ಥರು ದೇಶದ ನಾನಾ ಭಾಗಗಳಿಂದ ಬಂದು ಸೇರುತ್ತಾರೆ. ವಂಶಸ್ಥರ ಪ್ರಯತ್ನದ ಫಲವಾಗಿ 1996ರಲ್ಲಿ ನಿಕೋಡೆಮಸ್ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಎರಡು ಚರ್ಚ್, ಹೋಟೆಲ್, ಶಾಲೆ ಮತ್ತು ಸಭಾಭವನ ಸೇರಿ ಐದು ಕಟ್ಟಡಗಳು ಅದರ ಭಾಗವಾಗಿವೆ. ಹದಿನಾಲ್ಕು ನಿವಾಸಿಗಳ ಈ ಊರು ವರ್ಷಕ್ಕೊಮ್ಮೆ ಇಂದಿಗೂ ತುಂಬಿಕೊಳ್ಳುತ್ತದೆ.